ಜೋಗುಳವಿಲ್ಲದ ಮನೆ

ಯಜಮಾನರ ಕೆಲಸದ ದೆಸೆಯಿಂದ ಒಂದು ವರ್ಷ ಜೆರುಸಲೇಮಿನಲ್ಲಿದ್ದಾಗ ಹೀಬ್ರೂ ಕಲಿಯಹೋದೆ. ‘ಯೇಷ್ ಲೀ ಬೆನ್’ ಎಂದರೆ ನನಗೆ ಮಗನಿದ್ದಾನೆ. ಇಂಗ್ಲಿಷಿನ ಹಾಗೆ ಮಗನನ್ನು ‘ಹೊಂದುವ’ ಗೊಡವೆಯಿಲ್ಲ; ನಮ್ಮ ಕನ್ನಡದಂತೆಯೇ! ಆದರೆ ‘ನಾನು ಕಲಿಯುತ್ತೇನೆ’ ಎನ್ನಲು ಗಂಡಸಿಗೆ ‘ಲೊಮೆದ್’, ಹೆಂಗಸಿಗೆ ‘ಲೊಮೆದೆತ್’. ತಲೆ ನರೆತ ಟೀಚರಿಗೂ ‘ನೀನು’ ಎನ್ನಬೇಕು. ನನ್ನ ನಾಲಿಗೆ ತಡವರಿಸುತ್ತಿತ್ತು.

ಶತಮಾನಗಳ ಕಾಲ ಪ್ರಾರ್ಥನೆ, ಗ್ರಂಥಗಳಲ್ಲೇ ಹೆಚ್ಚಾಗಿ ಉಳಿದಿದ್ದ ಈ ನುಡಿಯನ್ನು ಮನೆಮಾತಾಗಿಸಲು ಎಲಿಯೇಜರ್ ಬೆನ್ ಯೆಹೂದ 1881ರಲ್ಲಿ ಹೆಂಡತಿ ದೆವೋರಾರೊಡನೆ ಜೆರುಸಲೇಮಿಗೆ ಬಂದರು. 1882ರಲ್ಲಿ ಹುಟ್ಟಿದ ಮಗನ ಕಿವಿಗೆ ಬೇರೆ ಭಾಷೆ ಬೀಳಕೂಡದೆಂದು ಕಟ್ಟಪ್ಪಣೆ ಮಾಡಿದರು. ಗೊಂಬೆಗೆ ಪದ ಬೇಕಾಯಿತು. ‘ಬುಬಾ’ ಎಂದು ಕಟ್ಟಿಕೊಟ್ಟರು. ಒಮ್ಮೆ ದೆವೋರಾ ಮೈಮರೆತು ರಷ್ಯನ್ ಜೋಗುಳ ಹಾಡಿದಾಗ ಗಂಡ ಕಿಡಿಕಿಡಿಯಾದರೆಂದು ಮಗನೇ ಮುಂದೆ ಬರೆದಿದ್ದಾರೆ. ಆಕೆ 1891ರಲ್ಲಿ ಕ್ಷಯದಿಂದ ತೀರಿಕೊಂಡರು.

ಇತಿಹಾಸ ಗಂಡನನ್ನು ಹೊಸ ಹೀಬ್ರೂವಿನ ಜನಕನೆಂದಿತು. ಆದರೆ ತಾನೇ ಕಲಿಯುತ್ತಿದ್ದ ಮಾತಿನಲ್ಲಿ ಮಗುವನ್ನು ಮುದ್ದಾಡಿ, ಗದರಿ, ಅದನ್ನು ತಾಯ್ನುಡಿಯಾಗಿಸಿದ್ದು ಆ ತಾಯಿಯಲ್ಲವೇ?

ಈ ಕಥೆ ಓದಿದ ರಾತ್ರಿ ನನ್ನ ಮಗನನ್ನು ಕನ್ನಡದ ಜೋಗುಳ ಹಾಡಿ ಮಲಗಿಸಿದೆ. ತಡೆಯುವವರು ಯಾರೂ ಇರಲಿಲ್ಲ.