ಕುಟುಂಬದ ಕಾರ್ಡು, ಸರ್ಕಾರದ ವಶ: ‘ಆರೋಗ್ಯ ಕರ್ನಾಟಕ’ದ ಅಂಚಿನಲ್ಲಿರುವ ಕೈದಿ ಮತ್ತು ವಲಸಿಗ

ಮೈಸೂರಿನ ಬನ್ನಿಮಂಟಪದ ಬಡ ನಿವಾಸಿಯೊಬ್ಬ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಡಿ ಖಾಸಗಿ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾದರೆ ರೇಷನ್ ಕಾರ್ಡು, ಆಧಾರ್, ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಹಿಡಿದು ಹೋಗಬೇಕು. 2018ರ ಮಾರ್ಚ್‌ನಲ್ಲಿ ಆರಂಭವಾಗಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರದ ಯೋಜನೆಯೊಡನೆ ಸೇರಿದ ಈ ವ್ಯವಸ್ಥೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇ. 30, ಅದೂ 1.5 ಲಕ್ಷದ ಮಿತಿಯೊಳಗೆ. ಹಣ ಕೊಡುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಲೆಕ್ಕ ನಡೆಯುವುದೆಲ್ಲ ಕುಟುಂಬದ ಹೆಸರಿನಲ್ಲಿ. ತೊಡಕು ಇಲ್ಲಿಯೇ ಇದೆ.

ಕೈದಿಯ ಹೆಸರು ಮನೆಯ ಕಾರ್ಡಿನಲ್ಲಿರಬಹುದು. ಆಸಾಮಿ ಇರುವುದು ಸರ್ಕಾರದ ವಶದಲ್ಲಿ. ಪ್ರತಿ ಜೈಲಿನಲ್ಲೂ ಆಸ್ಪತ್ರೆ ಅಥವಾ ರೋಗಿಗಳಿಗೆ ತಕ್ಕ ಜಾಗ ಇರಬೇಕೆಂದು 1894ರ ಕಾರಾಗೃಹ ಕಾಯ್ದೆಯೇ ಹೇಳಿತ್ತು. ಬೆಂಗಳೂರು ಜೈಲಿನ ಕೈದಿಯೊಬ್ಬರ ಪತ್ರದಿಂದ ಹುಟ್ಟಿದ ರಾಮಮೂರ್ತಿ ಪ್ರಕರಣದಲ್ಲಿ (1996) ಸುಪ್ರೀಂ ಕೋರ್ಟ್ ಗುರುತಿಸಿದ ಒಂಬತ್ತು ಸಮಸ್ಯೆಗಳಲ್ಲಿ ಆರೋಗ್ಯದ ಉಪೇಕ್ಷೆಯೂ ಒಂದು. ಹೊರಗಿನವರಂತೆ ಕೈದಿ ವೈದ್ಯರನ್ನು ಹುಡುಕಿಕೊಂಡು ಹೋಗಲಾರ. ಮೇಲಾಗಿ ಸೆರೆವಾಸವೇ ಕಾಯಿಲೆಗೆ ದಾರಿ ಮಾಡುತ್ತದೆ ಎಂದು ನ್ಯಾಯಾಲಯ ಕಾರಣ ಕೊಟ್ಟಿತು. ಸೆರೆಯೊಳಗಿನ ಅಪಾಯಕ್ಕೆ ಮೈಸೂರಿನದೇ ನಿದರ್ಶನವಿದೆ: 2025ರ ಜನವರಿಯಲ್ಲಿ ಇಲ್ಲಿನ ಕೇಂದ್ರ ಕಾರಾಗೃಹದ ಬೇಕರಿಯಲ್ಲಿ ಕೇಕಿಗೆ ಬಳಸುವ ಎಸೆನ್ಸ್ ಸೇವಿಸಿದ ಮೂವರು ಕೈದಿಗಳು ಕೆ.ಆರ್. ಆಸ್ಪತ್ರೆಯಲ್ಲಿ ಅಸುನೀಗಿದರು. ಬೆಂಗಾವಲು ಪೊಲೀಸರಿಲ್ಲದೆ ಗೇಟು ದಾಟಲಾಗದವನ ಚಿಕಿತ್ಸೆಯನ್ನು ಮನೆಯವರ 5 ಲಕ್ಷದಲ್ಲಿ ಮುರಿದುಕೊಂಡರೆ, ಅದೇ ವರ್ಷ ತಾಯಿಗೆ ಆಪರೇಷನ್ ಬೇಕಾದಾಗ ಉಳಿಯುವುದೆಷ್ಟು? ವಶಕ್ಕೆ ಪಡೆದವರದೇ ಖರ್ಚು ಎಂಬುದು ನನ್ನ ವಾದ.

ದಾಖಲೆಯಿಲ್ಲದ ವಿದೇಶಿ ವಲಸಿಗನಿಗೆ ಕಾರ್ಡೇ ಇಲ್ಲ. ಸಂವಿಧಾನದ 21ನೇ ವಿಧಿಯ ಜೀವರಕ್ಷಣೆ ವಿದೇಶಿಯರಿಗೂ ಅನ್ವಯಿಸುತ್ತದೆ. ತುರ್ತು ಸ್ಥಿತಿಯಲ್ಲಿ ಬಂದವರನ್ನು ಯಾವ ವೈದ್ಯರೂ ವಾಪಸು ಕಳಿಸುವಂತಿಲ್ಲ ಎಂದು ಪರಮಾನಂದ ಕಟಾರ ತೀರ್ಪು (1989) ಹೇಳಿದೆ. ಚಿಕಿತ್ಸೆ ಕೊಡಿ ಎಂದಿತೇ ಹೊರತು ಬಿಲ್ಲು ಯಾರ ಪಾಲಿಗೆ ಎಂಬುದು ಬಗೆಹರಿಯಲಿಲ್ಲ. ಹೋಲಿಕೆಗೆ ನೋಡಿದರೆ, ಅಮೆರಿಕದಲ್ಲಿ ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇಡ್ 1965ರಿಂದ ಜೈಲಿನೊಳಗಿನ ಚಿಕಿತ್ಸೆಗೆ ಬಹುಮಟ್ಟಿಗೆ ಕೇಂದ್ರದ ಹಣ ಕೊಡುತ್ತಿಲ್ಲ. ಆದರೂ ದಾಖಲೆಯಿಲ್ಲದವರ ತುರ್ತು ಚಿಕಿತ್ಸೆಗೆ ಅಲ್ಲಿ 1986ರಲ್ಲೇ ಕಾನೂನಿನ ದಾರಿಯಾಗಿದೆ.

ನಮ್ಮ ಯೋಜನೆಯಲ್ಲಿ ತುರ್ತು ಚಿಕಿತ್ಸೆಗೆಂದೇ ‘4ಎ’ ವರ್ಗವಿದೆ, ಅದಕ್ಕೆ ರೆಫರಲ್ ಬೇಕಿಲ್ಲ. ಕಾರ್ಡಿಲ್ಲದವರನ್ನೂ ಆ ವರ್ಗಕ್ಕೆ ಸೇರಿಸಿ, ಕೈದಿಯ ವೆಚ್ಚವನ್ನು ಕಾರಾಗೃಹ ಇಲಾಖೆಯ ಲೆಕ್ಕಕ್ಕೆ ಹಾಕುವ ಸ್ಪಷ್ಟ ಆದೇಶವನ್ನು ರಾಜ್ಯ ಸರ್ಕಾರ ಹೊರಡಿಸಬೇಕು.