ಗಡಿ ದಾಟುವ ಎಣಿಕೆ

ನಮ್ಮ ನ್ಯೂಜೆರ್ಸಿಯಲ್ಲಿ 21 ಕೌಂಟಿಗಳಿವೆ. ಎಡಿಸನ್ ಇರುವ ಮಿಡ್ಲ್‌ಸೆಕ್ಸ್ ಕೌಂಟಿಯನ್ನು ಸರ್ಕಾರ ನ್ಯೂಯಾರ್ಕ್ ಮಹಾನಗರ ವಲಯದಲ್ಲಿ ಎಣಿಸುತ್ತದೆ. ಕ್ಯಾಮ್ಡೆನ್ ಕೌಂಟಿಯನ್ನು ಫಿಲಡೆಲ್ಫಿಯಾ ವಲಯದಲ್ಲಿ. ಎರಡೂ ನಗರಗಳು ಪಕ್ಕದ ರಾಜ್ಯಗಳವು! ಯಾಕೆ ಹೀಗೆ?

ಊರುಗಳು ಬೆಳೆದು ಗಡಿ ದಾಟಿದಾಗ ಹಳೆಯ ಲೆಕ್ಕ ಸಾಲದಾಯಿತು. 1949ರಲ್ಲಿ ಅಮೆರಿಕದ ಬಜೆಟ್ ಬ್ಯೂರೋ ಎಲ್ಲ ಇಲಾಖೆಗಳಿಗೂ ಒಂದೇ ನಿಯಮ ತಂದಿತು. 1950ರ ಜನಗಣತಿ ಅದನ್ನು ಬಳಸಿತು.

ಈಗಿನ ನಿಯಮದಲ್ಲಿ ಒತ್ತಾಗಿ ಬೆಳೆದ ನಗರಪ್ರದೇಶದ ಕೌಂಟಿಗಳೇ ತಿರುಳು. ಹೊರಗಿನ ಕೌಂಟಿಯ ಉದ್ಯೋಗಿಗಳಲ್ಲಿ ಶೇ. 25ರಷ್ಟು ಜನ ಅಲ್ಲಿಗೆ ಕೆಲಸಕ್ಕೆ ಹೋದರೆ ಅದೂ ಸೇರುತ್ತದೆ.

ಮನೆಯಲ್ಲೇ ದುಡಿಯುವ ಗೃಹಿಣಿ ನಾನು. ಜನಸಂಖ್ಯೆಯಲ್ಲಿದ್ದೇನೆ, ಆ ಶೇ. 25ರ ಲೆಕ್ಕದಲ್ಲಿಲ್ಲ. ನಕ್ಷೆ ನೋಡುವಾಗ ಗೆರೆ ಎಲ್ಲಿದೆ ಎಂದಷ್ಟೇ ಅಲ್ಲ, ಯಾರ ಓಡಾಟ ನೋಡಿ ಎಳೆದರು ಎಂದೂ ಕೇಳಿ.