ಕೆಲಸದಲ್ಲಾದ ತಪ್ಪಿನ ಹೊಣೆ

ಎರಡು ಪ್ರಶ್ನೆಗಳು

ನೌಕರನ ತಪ್ಪಿನಿಂದ ಹಾನಿಯಾದಾಗ ಎರಡು ಪ್ರಶ್ನೆಗಳು ಏಳುತ್ತವೆ. ನೊಂದವರಿಗೆ ಪರಿಹಾರ ಕೊಡಬೇಕಾದವರು ಯಾರು ಎಂಬುದು ಒಂದು. ಸಂಸ್ಥೆಯ ಒಳಗೆ ಉತ್ತರ ಹೇಳಬೇಕಾದವರು ಯಾರು ಎಂಬುದು ಇನ್ನೊಂದು. ಇವೆರಡನ್ನೂ ಬೆರೆಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಮಾಲೀಕನ ಹೊಣೆ

ಕರ್ತವ್ಯದ ವ್ಯಾಪ್ತಿಯಲ್ಲಿ ನೌಕರ ಮಾಡಿದ ತಪ್ಪಿಗೆ, ತಾನೇನೂ ತಪ್ಪು ಮಾಡದಿದ್ದರೂ, ಮಾಲೀಕನೂ ಹೊಣೆ. ಇದೇ ಪರೋಕ್ಷ ಹೊಣೆಗಾರಿಕೆ. ವಕೀಲರ ಮಾತಿನಲ್ಲಿ ವೈಕೇರಿಯಸ್ ಲಯಬಿಲಿಟಿ. ದುಡಿಮೆಯ ಲಾಭ ಪಡೆಯುವವನು ಅದರ ಅಪಾಯವನ್ನೂ ಹೊರಬೇಕು ಎಂಬುದು ಇದರ ತಿರುಳು. ಇದರಿಂದ ನೌಕರನ ಹೊಣೆ ಅಳಿಯುವುದಿಲ್ಲ.

‘ಕರ್ತವ್ಯದ ವ್ಯಾಪ್ತಿ’ ಎಂಬ ಮಾತಿನಲ್ಲಿಯೇ ಎಲ್ಲ ಸೂಕ್ಷ್ಮವೂ ಅಡಗಿದೆ. ಎದುರಾಳಿ ಬಸ್ಸುಗಳಿಗೆ ಅಡ್ಡ ಹೋಗಬಾರದೆಂದು ಲಂಡನ್ನಿನ ಕಂಪನಿಯೊಂದು ತನ್ನ ಚಾಲಕರಿಗೆ ಲಿಖಿತವಾಗಿ ತಾಕೀತು ಮಾಡಿತ್ತು. ಚಾಲಕನೊಬ್ಬ ಅಡ್ಡ ಹೋಗಿಯೇ ಅಪಘಾತವೆಸಗಿದ. 1862ರ ಲಿಂಪಸ್ ತೀರ್ಪು ಕಂಪನಿಯನ್ನೇ ಹೊಣೆಯಾಗಿಸಿತು. ನಿಷಿದ್ಧ ರೀತಿಯಲ್ಲಾದರೂ ಅವನು ಮಾಡುತ್ತಿದ್ದುದು ಕಂಪನಿಯ ಕೆಲಸವನ್ನೇ. 1900ರ ಬಿಯರ್ಡ್ ಪ್ರಕರಣದಲ್ಲಿ ಬಸ್ಸನ್ನು ಓಡಿಸಿದವನು ಕಂಡಕ್ಟರ್. ಓಡಿಸುವುದು ಅವನ ಕೆಲಸವಲ್ಲವಾದ್ದರಿಂದ ಕಂಪನಿ ಪಾರಾಯಿತು.

ಭಾರತದಲ್ಲಿ 1962ರ ವಿದ್ಯಾವತಿ ಪ್ರಕರಣ ಪ್ರಸಿದ್ಧ. ಉದಯಪುರದಲ್ಲಿ ಜಿಲ್ಲಾಧಿಕಾರಿಯ ಜೀಪನ್ನು ದುರಸ್ತಿ ಮಾಡಿಸಿ ತರುತ್ತಿದ್ದ ಚಾಲಕ ಪಾದಚಾರಿಯೊಬ್ಬರ ಸಾವಿಗೆ ಕಾರಣನಾದ. ಖಾಸಗಿ ಮಾಲೀಕನಂತೆ ಸರ್ಕಾರವೂ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು.

ಮೇಲ್ವಿಚಾರಕನ ಸ್ಥಾನ

ಮೇಲ್ವಿಚಾರಕ ಮಾಲೀಕನಲ್ಲ, ಅವನೂ ಸಂಬಳಕ್ಕೆ ದುಡಿಯುವವನೇ. ಮೇಲಿನ ಹುದ್ದೆಯಲ್ಲಿದ್ದಾನೆ ಎಂಬಷ್ಟಕ್ಕೇ ಕೆಳಗಿನವರ ತಪ್ಪಿಗೆ ಪರಿಹಾರ ತೆರಬೇಕಾಗಿಲ್ಲ. ಆದರೆ ತಪ್ಪು ಆದೇಶ ಕೊಟ್ಟರೆ, ತರಬೇತಿಯಿಲ್ಲದವನನ್ನು ಯಂತ್ರದ ಮುಂದೆ ನಿಲ್ಲಿಸಿದರೆ, ಲೋಪ ಕಂಡೂ ಸುಮ್ಮನಿದ್ದರೆ ಅದು ಅವನ ಸ್ವಂತ ತಪ್ಪಾಗುತ್ತದೆ.

ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಇಲ್ಲಿ ಮಾದರಿಯಾಗಿವೆ. ಕೈಕೆಳಗಿನವರ ಪ್ರಾಮಾಣಿಕತೆ ಮತ್ತು ಕರ್ತವ್ಯನಿಷ್ಠೆಗೆ ಮೇಲಧಿಕಾರಿ ಸಾಧ್ಯವಾದ ಎಲ್ಲ ಕ್ರಮ ಕೈಗೊಳ್ಳಬೇಕು. ಆದೇಶ ಸಾಮಾನ್ಯವಾಗಿ ಲಿಖಿತವಾಗಿರಬೇಕು. ಬಾಯಿಮಾತಿನಲ್ಲಿ ಕೊಟ್ಟಿದ್ದರೆ ಬೇಗನೆ ಬರಹದಲ್ಲಿ ದೃಢಪಡಿಸಬೇಕು. ಅದನ್ನು ಕೇಳಿ ಪಡೆಯುವುದು ಕೆಳಗಿನವನ ಕರ್ತವ್ಯ. ತಪ್ಪು ಯಾರದೆಂದು ತಿಳಿಯಲು ಇದಕ್ಕಿಂತ ನ್ಯಾಯವಾದ ದಾರಿ ಬೇರೆ ಕಾಣದು.

ಸಂಬಳದ ಕಡಿತ

ನಷ್ಟವಾಯಿತೆಂದು ಸಂಬಳ ಹಿಡಿಯಲು ಮಾಲೀಕನಿಗೆ ಮುಕ್ತ ಅಧಿಕಾರವಿಲ್ಲ. 1936ರ ವೇತನ ಪಾವತಿ ಕಾಯ್ದೆ ವಿಧಿಸಿದ್ದ ನಿಯಮದಂತೆ, ಸಂಬಳ ಹಿಡಿಯಬೇಕಾದರೆ ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಸರಕು ಅಥವಾ ಅವನು ಲೆಕ್ಕ ಕೊಡಬೇಕಾದ ಹಣ ಅವನ ನಿರ್ಲಕ್ಷ್ಯದಿಂದಲೇ ಹೋಗಿರಬೇಕು. ಕಡಿತ ನಷ್ಟವನ್ನು ಮೀರಬಾರದು. ಮೊದಲು ಅವನ ಸಮಜಾಯಿಷಿ ಕೇಳಬೇಕು. ಆ ಕಾಯ್ದೆಯ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಕಾರಣ ಕೇಳುವ ನೋಟಿಸು ಕೈಸೇರಿದರೆ ಸುಮ್ಮನಿರದೆ ಬರಹದಲ್ಲಿ ಉತ್ತರಿಸಿ, ಸ್ವೀಕೃತಿಯ ಸಹಿ ಇರುವ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.